ಅವ್ವನ ಸೆರಗು

ಸೊಮಾಲಿ ಸಹೋದ್ಯೋಗಿ ಕರೆದಳು ಅಂತ ಮಿನಿಯಾಪೊಲಿಸ್‌ನ ಸೀಡರ್-ರಿವರ್‌ಸೈಡ್‌ಗೆ ಹೋಗಿದ್ದೆ. ಹಳೇ ಬಟ್ಟೆ ಬಿಚ್ಚಿ, ಮೈತುಂಬ ಮುಚ್ಚೋ ಹಾಗೆ ಹೊಸದಾಗಿ ಹೊಲಿದು, ಹೊಲಿದವರೇ ತೊಟ್ಟು ನಡೆಯೋ ಫ್ಯಾಶನ್ ಶೋ. ಕಕುಮಾ ನಿರಾಶ್ರಿತರ ಶಿಬಿರದಲ್ಲಿ ಹುಟ್ಟಿದ ಹಲೀಮಾ ಏಡನ್, 2016ರಲ್ಲಿ ಹಿಜಾಬ್ ತೊಟ್ಟೇ ಮಿಸ್ ಮಿನೆಸೋಟಾ ಯುಎಸ್‌ಎ ಸ್ಪರ್ಧೆಗೆ ಇಳಿದದ್ದು ಇದೇ ರಾಜ್ಯದಲ್ಲಿ. ಇಲ್ಲಿ ಮಾತ್ರ ಮಾಡೆಲ್‌ಗಳಿರಲಿಲ್ಲ. ನರ್ಸು, ಬಸ್ ಡ್ರೈವರು, ಅಜ್ಜಿಯರು. ಒಬ್ಬಾಕೆ ತೀರಿಹೋದ ತಾಯಿಯ ದಿರಾಕನ್ನೇ ತಲೆವಸ್ತ್ರ ಮಾಡಿಕೊಂಡಿದ್ದಳು. ಅವ್ವ ಹಳೇ ಸೀರೆಯಲ್ಲಿ ಕೌದಿ ಹೊಲಿಯೋದು ನೆನಪಾಯ್ತು.

ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. (ಸೀಟಿ ಹೊಡೆಯೋಕೆ ಧೈರ್ಯ ಬರಲಿಲ್ಲ.)

ಹೋದ ವರ್ಷ ಅವ್ವ ಬಂದಾಗ, ಮಾಲ್‌ನಲ್ಲಿ ಫೋಟೋಕ್ಕೆ ನಿಂತವಳು ತಲೆ ಮೇಲೆ ಸೆರಗು ಹೊದ್ದಳು. "ತಗಿಯವ್ವಾ, ಮಂದಿ ನೋಡಾಕತ್ತಾರ" ಅಂದಿದ್ದೆ. ತೆಗೆದಳು. ಆ ಫೋಟೋದಲ್ಲಿ ಅವಳ ಕೈ ಇನ್ನೂ ಕೊರಳ ಹತ್ತಿರವೇ ಇದೆ.