ಓಟಿಪಿ ಬರಲೇ ಇಲ್ಲ

ಸಂತೆಯಲ್ಲಿ ರೈತರ ಮಾತು ರೆಕಾರ್ಡ್ ಮಾಡಿದರೆ ನನ್ನ ಫೋನಿನಲ್ಲಿ ಗಾಳಿ ಸದ್ದೇ ಹೆಚ್ಚು. ಅಂಗಿಗೆ ಸಿಕ್ಕಿಸುವ ಸಣ್ಣ ಮೈಕ್ ಬೇಕಿತ್ತು. ನನಗೆ ಬೇಕಾದದ್ದು ಹಾವೇರಿಯಲ್ಲೂ ಇಲ್ಲ, ಹುಬ್ಬಳ್ಳಿಯಲ್ಲೂ ಇಲ್ಲ. ಒಂದು ವಿದೇಶಿ ವೆಬ್‌ಸೈಟಿನಲ್ಲಿ 30 ಡಾಲರ್‌ಗೆ ಇತ್ತು.

ನನ್ನ ಕ್ರೆಡಿಟ್ ಕಾರ್ಡಿನಲ್ಲಿ ವಿದೇಶಿ ಖರೀದಿ ಬಂದ್ ಇತ್ತು. 2020ರ ಅಕ್ಟೋಬರ್‌ನಿಂದ ಹೊಸ ಕಾರ್ಡು ಹಾಗೇ ಬರುತ್ತದೆ, ರಿಸರ್ವ್ ಬ್ಯಾಂಕಿನ ನಿಯಮ. ಬ್ಯಾಂಕಿನ ಆ್ಯಪ್‌ನಲ್ಲಿ ಆನ್ ಮಾಡಿದೆ. ಲೆಕ್ಕ ಹಾಕಿದ್ದು 2,520 ರೂಪಾಯಿ, ಬಿಲ್ಲಿನಲ್ಲಿ 2,624. ಡಾಲರ್ ಬದಲಾಯಿಸಿದ್ದಕ್ಕೆ ಶೇ. 3.5 ಶುಲ್ಕ, ಆ ಶುಲ್ಕದ ಮೇಲೆ ಶೇ. 18 ಜಿಎಸ್‌ಟಿ. ಪಾರ್ಸೆಲ್ ತಂದ ಪೋಸ್ಟ್‌ಮನ್ ಅಣ್ಣ, 'ಕಸ್ಟಮ್ಸ್ ರೊಕ್ಕ ಕೊಡ್ರಿ' ಅಂತ ಸಾವಿರಕ್ಕೂ ಮೇಲೆ ಇಸಿದುಕೊಂಡ. ಇರಲಿ, ಮೈಕ್ ಚೆನ್ನಾಗಿತ್ತು.

ಆನ್ ಮಾಡಿದ್ದನ್ನು ಆಫ್ ಮಾಡಲು ಮರೆತಿದ್ದೆ.

ಜೂನ್ ತಿಂಗಳು, ರಾತ್ರಿ ಎರಡು ಗಂಟೆ. ನೀರು ಕುಡಿಯಲು ಎದ್ದವನು ಫೋನ್ ನೋಡಿದೆ. 180 ಡಾಲರ್ ಹೋಗಿತ್ತು. ಹದಿನೈದು ಸಾವಿರದ ಮೇಲೆ. ಪತ್ರಿಕೆ ನನಗೆ ಕೊಡುವುದು ತಿಂಗಳಿಗೆ 6,000. ಆ ವಾರ ಅದೇ ಕಾರ್ಡಿನಿಂದ ಗೋವಿನಜೋಳದ ಬೀಜ, ಗೊಬ್ಬರ ತರೋಣ ಅಂತ ಅಪ್ಪನಿಗೆ ಹೇಳಿದ್ದೆ.

ಬ್ಯಾಂಕಿಗೆ ಫೋನ್ ಮಾಡಿ ಕಾರ್ಡ್ ಬ್ಲಾಕ್ ಮಾಡಿಸಿದೆ. 'ಓಟಿಪಿ ಯಾರಿಗಾದ್ರೂ ಹೇಳಿದ್ರಾ ಸರ್?' ಅಂದರು.

'ಬಂದಿದ್ರೆ ತಾನೇ ಮೇಡಂ ಹೇಳೋದು?'

ಓಟಿಪಿ ಹೇಳಬೇಡಿ ಅಂತ ನಾನೇ ಎಷ್ಟು ಸಲ ಸುದ್ದಿ ಬರೆದಿದ್ದೇನೋ! ಎಷ್ಟೋ ವಿದೇಶಿ ಸೈಟುಗಳು ಓಟಿಪಿ ಕೇಳುವುದೇ ಇಲ್ಲ. ಕಾರ್ಡ್ ನಂಬರು, ಅವಧಿ, ಹಿಂದಿನ ಮೂರು ಅಂಕಿ ಇದ್ದರೆ ಸಾಕು. ಅದು ನನಗೆ ಗೊತ್ತಾಗಿದ್ದು ಆ ರಾತ್ರಿ. ನನ್ನ ನಂಬರು ಎಲ್ಲಿಂದ ಸೋರಿತೋ ಇವತ್ತಿಗೂ ತಿಳಿದಿಲ್ಲ.

1930ಕ್ಕೂ ದೂರು ಕೊಟ್ಟೆ. ಬೆಳಿಗ್ಗೆ ಬ್ಯಾಂಕಿಗೆ ಇಮೇಲ್ ಹಾಕಿ ದೂರಿನ ನಂಬರು ಬರೆದಿಟ್ಟುಕೊಂಡೆ. ತಪ್ಪು ನಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಅಂದಾಗ, ಮೆಸೇಜ್ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಮ್ಮ ತಲೆಗೆ ಬರುವುದಿಲ್ಲ. ತಿಳಿಸಿದ ಹತ್ತು ಕೆಲಸದ ದಿನಗಳೊಳಗೆ ಬ್ಯಾಂಕ್ ಆ ಮೊತ್ತ ಜಮಾ ತೋರಿಸಬೇಕು. 2017ರ ಈ ರಿಸರ್ವ್ ಬ್ಯಾಂಕ್ ಸುತ್ತೋಲೆಯನ್ನು ಇಮೇಲ್‌ನಲ್ಲಿ ನಾನೇ ನೆನಪಿಸಬೇಕಾಯಿತು. ಒಂಬತ್ತನೇ ದಿನ ಜಮಾ ಆಯಿತು.

ಮಳೆ ಒಂಬತ್ತು ದಿನ ಕಾಯುತ್ತದೆಯೇ? ಅಷ್ಟರಲ್ಲಿ ಅಪ್ಪ ಅಂಗಡಿಯಲ್ಲಿ ಉದ್ರಿ ಬೀಜ ತಂದು ಬಿತ್ತಿಯಾಗಿತ್ತು, ಬಡ್ಡಿ ಸೇರಿಸಿ.

ಈಗ ಬೇಕಾದಾಗ ಹತ್ತು ನಿಮಿಷ ಆನ್ ಮಾಡಿ, ಕೊಂಡು, ಆಫ್ ಮಾಡುತ್ತೇನೆ. ಯಾವ ಸೈಟಿನಲ್ಲೂ ಕಾರ್ಡ್ ಸೇವ್ ಮಾಡುವುದಿಲ್ಲ. ರೊಕ್ಕ ವಾಪಸ್ ಬಂತು ಅಂತ ಎಷ್ಟು ಹೇಳಿದರೂ ಅಪ್ಪ ಮಾತ್ರ ಅದಕ್ಕೆ 'ಹದಿನೈದು ಸಾವಿರದ ಮೈಕು' ಅಂತಲೇ ಅನ್ನುತ್ತಾರೆ.