ಬಾಡಿಗೆಗೆ ತಂದ ಯಂತ್ರವೂ ಅಮಾನತ್ತೇ

ಬಿಳಗಿಯ ಮಳೆಗಾಲವನ್ನು ಬಲ್ಲವರಿಗೆ ಅಂಗಳದ ಪಾಚಿಯ ಬಗ್ಗೆ ವಿವರಿಸಬೇಕಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಿದ್ದಾಪುರ ಸೀಮೆಯಲ್ಲಿ ಸುರಿಯುವ ಮಳೆಗೆ ಚಿರೇಕಲ್ಲಿನ ಗೋಡೆ ಕಪ್ಪಾಗುತ್ತದೆ, ಸಿಮೆಂಟಿನ ಅಂಗಳ ಹಸಿರಾಗುತ್ತದೆ. ಮಳೆ ಇರುವಷ್ಟು ದಿನ ಅಡಿಕೆಯ ದಬ್ಬೆ ಹಾಸಿ ಅದರ ಮೇಲೆ ನಡೆಯುತ್ತೇವೆ. ಮಳೆ ನಿಂತ ಮೇಲೆ ದಬ್ಬೆ ತೆಗೆಯುತ್ತೇವೆ, ಪಾಚಿ ಉಳಿದಿರುತ್ತದೆ. ಕಳೆದ ಅಕ್ಟೋಬರ್‌ನ ಒಂದು ಮುಂಜಾನೆ ಫಜ್ರ್ ನಮಾಝಿಗಾಗಿ ವುಝೂ ಮಾಡಲು ಹೊರಗಿನ ನಲ್ಲಿಯ ಬಳಿಗೆ ಹೋದ ನನ್ನ ಅಮ್ಮಿ ಆ ಪಾಚಿಯ ಮೇಲೆ ಜಾರಿ ಬಿದ್ದರು. ಮೂಳೆ ಮುರಿಯಲಿಲ್ಲ, ಅಲ್‌ಹಮ್ದುಲಿಲ್ಲಾಹ್. ಆದರೆ ಎರಡು ವಾರ ಕೈ ಊರಿ ಏಳಲು ಅವರಿಗೆ ಸಾಧ್ಯವಾಗಲಿಲ್ಲ.

ದಾರಿಯಲ್ಲಿ ತೊಂದರೆ ಕೊಡುವ ವಸ್ತುವನ್ನು ಸರಿಸುವುದು ಈಮಾನಿನ ಶಾಖೆಗಳಲ್ಲೊಂದು ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಆ ಹದೀಸನ್ನು ನಾನು ಯಾವಾಗಲೂ ಊರಿನ ರಸ್ತೆಗೆ ಅನ್ವಯಿಸುತ್ತಿದ್ದೆ. ನನ್ನ ತಾಯಿ ದಿನಕ್ಕೆ ಐದು ಬಾರಿ ನಡೆಯುವ ಹತ್ತು ಹೆಜ್ಜೆಯ ದಾರಿ ನೆನಪಾಗಿರಲಿಲ್ಲ.

ಪ್ರತಿ ವರ್ಷ ಇಬ್ಬರು ಕೂಲಿಯವರು ಬಂದು ಬ್ಲೀಚಿಂಗ್ ಪೌಡರ್ ಹಾಕಿ, ಕಡ್ಡಿ ಪೊರಕೆಯಿಂದ ಉಜ್ಜಿ ಕೊಡುತ್ತಿದ್ದರು. ಇಬ್ಬರಿಗೂ ಸೇರಿ ಒಂದು ದಿನಕ್ಕೆ 1,400 ರೂಪಾಯಿ. ಅಡಿಕೆ ಕೊಯ್ಲು ಹತ್ತಿರ ಬಂದಿದ್ದರಿಂದ ಈ ಸಲ ಅವರು ಸಿಗಲಿಲ್ಲ. ಆಗ ಪ್ರೆಶರ್ ವಾಷರ್ ಬಾಡಿಗೆಗೆ ತರುವ ಯೋಚನೆ ಬಂತು. ತೋಟಕ್ಕೆ ಔಷಧಿ ಹೊಡೆಯುವ ಪಂಪನ್ನು ಕಂಡವರಿಗೆ ಇದೇನೂ ಹೊಸದಲ್ಲ. ನೀರನ್ನು ಒತ್ತಡದಿಂದ ಸಣ್ಣ ರಂಧ್ರದ ಮೂಲಕ ಚಿಮ್ಮಿಸುವ ಯಂತ್ರ, ಅಷ್ಟೇ. ಬಾಡಿಗೆ ದಿನಕ್ಕೆ 600 ರೂಪಾಯಿ, ಆಟೋದಲ್ಲಿ ತಂದು ಮರಳಿಸಲು 500 ರೂಪಾಯಿ. ಮರಳಿ ಸಿಗುವ ಠೇವಣಿ 2,000 ರೂಪಾಯಿ. ಒಟ್ಟು 1,100 ರೂಪಾಯಿಯಲ್ಲಿ ಕೆಲಸ ಮುಗಿಯುತ್ತದೆ, ಕೂಲಿಗಿಂತ 300 ರೂಪಾಯಿ ಉಳಿಯುತ್ತದೆ ಎಂದು ಲೆಕ್ಕ ಹಾಕಿ ಖುಷಿಪಟ್ಟೆ.

ಅಂಗಡಿಯವರು ಯಂತ್ರವನ್ನು ಕೊಡುವಾಗ ಎರಡು ಮಾತು ಹೇಳಿದ್ದರು. ನೀರಿಲ್ಲದೆ ಅದನ್ನು ಓಡಿಸಬಾರದು. ಪಂಪಿನ ಸೀಲುಗಳು ಸುಟ್ಟುಹೋಗುತ್ತವೆ. ಚೂಪಾದ ಧಾರೆಯನ್ನು ಚಿರೇಕಲ್ಲಿಗೆ ಹತ್ತಿರದಿಂದ ಹಿಡಿಯಬಾರದು. ಮೆದು ಕಲ್ಲು, ಸಂದಿನ ಗಾರೆಯೂ ಕಿತ್ತು ಬರುತ್ತದೆ. ನಾನು ಎರಡಕ್ಕೂ ತಲೆಯಾಡಿಸಿದ್ದೆ.

ಬೆಳಿಗ್ಗೆ ಕೆಲಸ ಚೆನ್ನಾಗಿಯೇ ಸಾಗಿತು. ಹಸಿರು ಪದರ ಎದ್ದು ಹೋಗಿ ಅಂಗಳದ ಹಳೆಯ ಬಣ್ಣ ಕಾಣಿಸಿಕೊಂಡಿತು. ಯಂತ್ರ ನಿಮಿಷಕ್ಕೆ ಸುಮಾರು 6 ಲೀಟರ್ ನೀರು ಎಳೆಯುತ್ತಿತ್ತು. ಹಾಗಾಗಿ 200 ಲೀಟರಿನ ಡ್ರಮ್ಮನ್ನು ಅರ್ಧ ಗಂಟೆಗೊಮ್ಮೆ ಬಾವಿಯ ನೀರಿನಿಂದ ತುಂಬಿಸಬೇಕಿತ್ತು. ಮಧ್ಯಾಹ್ನದ ಹೊತ್ತಿಗೆ ಒಂದು ಫೋನ್ ಬಂತು. ಒಂದು ಕೈಯಲ್ಲಿ ಫೋನ್, ಇನ್ನೊಂದರಲ್ಲಿ ಯಂತ್ರದ ಹಿಡಿಕೆ. ಧಾರೆ ಸಣ್ಣದಾಯಿತು, ಸದ್ದು ಕರ್ಕಶವಾಯಿತು. ಪೈಪು ಎಲ್ಲೋ ಮಡಿಚಿಕೊಂಡಿರಬೇಕು ಎಂದುಕೊಂಡು ಮಾತು ಮುಂದುವರಿಸಿದೆ. ಡ್ರಮ್ಮು ಬರಿದಾಗಿದೆಯೆಂದು ತಿಳಿಯುವಷ್ಟರಲ್ಲಿ ಹಲವು ನಿಮಿಷಗಳು ಕಳೆದಿದ್ದವು. ಮತ್ತೆ ನೀರು ತುಂಬಿಸಿ ಚಾಲೂ ಮಾಡಿದಾಗ ಯಂತ್ರ ಓಡಿತು, ಆದರೆ ಮೊದಲಿನ ಒತ್ತಡ ಇರಲಿಲ್ಲ. ಪಂಪಿನ ಅಡಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಸಂಜೆ ಮನೆಗೆ ಬಂದಿದ್ದ ಭಾವ ನೋಡಿ ಹೇಳಿದರು: “ಒರೆಸಿ ಕೊಟ್ಟುಬಿಡು. ಸ್ವಿಚ್ ಹಾಕಿದರೆ ಓಡುತ್ತದೆ, ಅವರಿಗೇನೂ ಗೊತ್ತಾಗುವುದಿಲ್ಲ. ಹಳೆಯ ಯಂತ್ರ, ಇಂದಲ್ಲ ನಾಳೆ ಹಾಳಾಗುವುದೇ.” ನಾನು ಅವರನ್ನು ದೂರುವುದಿಲ್ಲ. ಅದೇ ಯೋಚನೆ ಅವರಿಗಿಂತ ಮೊದಲೇ ನನಗೂ ಬಂದಿತ್ತು.

ಒಳಗಿನಿಂದ ಅಮ್ಮಿ ಕೇಳಿದರು: “ನಾಳೆ ಅದನ್ನು ಒಯ್ಯುವವರು ಯಾರು ಬೇಟಾ? ಅವರ ಕೈಯಲ್ಲೇ ಹಾಳಾಯಿತು ಅಂತ ಆಗುವುದಿಲ್ಲವೇ?”

ಅಲ್ಲಿಯವರೆಗೆ ಅದು ನನ್ನ ಮತ್ತು ಅಂಗಡಿಯವರ ನಡುವಿನ ವಿಷಯವೆಂದೇ ಭಾವಿಸಿದ್ದೆ. ನನಗೆ ಪರಿಚಯವೇ ಇಲ್ಲದ ಇನ್ನೊಬ್ಬನ ಠೇವಣಿಯಿಂದ ನನ್ನ ಅಜಾಗರೂಕತೆಯ ಬೆಲೆ ಕಡಿತವಾಗುವುದು ನನಗೆ ಹೊಳೆದಿರಲಿಲ್ಲ.

ಇಸ್ಲಾಮೀ ಕರ್ಮಶಾಸ್ತ್ರದಲ್ಲಿ ಬಾಡಿಗೆಯ ಒಪ್ಪಂದವನ್ನು ಇಜಾರಾ ಎನ್ನುತ್ತಾರೆ. ಬಾಡಿಗೆ ಕೊಟ್ಟವನು ವಸ್ತುವಿನ ಉಪಯೋಗವನ್ನು ಮಾತ್ರ ಪಡೆಯುತ್ತಾನೆ; ವಸ್ತು ಅವನ ಕೈಯಲ್ಲಿ ಅಮಾನತ್ ಆಗಿರುತ್ತದೆ. ಸಹಜ ಬಳಕೆಯಲ್ಲಿ ತಾನಾಗಿಯೇ ಕೆಟ್ಟರೆ ಅವನು ಹೊಣೆಯಲ್ಲ. ಆದರೆ ಮಿತಿ ಮೀರಿದರೆ, ಅಥವಾ ಅಲಕ್ಷ್ಯ ತೋರಿದರೆ ನಷ್ಟ ತುಂಬಿಕೊಡಬೇಕು. ನನ್ನ ಪ್ರಕರಣ ಯಾವುದೆಂದು ಯಾವ ವಿದ್ವಾಂಸರನ್ನೂ ಕೇಳಬೇಕಾಗಿರಲಿಲ್ಲ. ಅಮಾನತ್ತುಗಳನ್ನು ಅವುಗಳ ಹಕ್ಕುದಾರರಿಗೆ ಒಪ್ಪಿಸಬೇಕೆಂದು ಅಲ್ಲಾಹನು ಸೂರಾ ಅನ್ನಿಸಾದ 58ನೇ ವಚನದಲ್ಲಿ ಆಜ್ಞಾಪಿಸಿದ್ದಾನೆ. ಅಲ್ಲಿ ಹಕ್ಕುದಾರನ ಧರ್ಮ ಯಾವುದೆಂಬ ಪ್ರಶ್ನೆಯಿಲ್ಲ.

ಆ ರಾತ್ರಿ ಸಫ್ವಾನ್ ಬಿನ್ ಉಮಯ್ಯಾರ ಘಟನೆ ನೆನಪಾಯಿತು. ಹಿಜರಿ 8ರಲ್ಲಿ ಹುನೈನ್ ಯುದ್ಧಕ್ಕೆ ಮುನ್ನ ಪ್ರವಾದಿವರ್ಯರು(ಸ) ಅವರಿಂದ ಕವಚಗಳನ್ನು ಕೇಳಿ ಪಡೆದಿದ್ದರು. ಸಫ್ವಾನ್ ಆಗ ಇನ್ನೂ ಇಸ್ಲಾಮ್ ಸ್ವೀಕರಿಸಿರಲಿಲ್ಲ. ಇದು ಬಲವಂತವೇ ಎಂದು ಅವರು ಕೇಳಿದಾಗ, ಅಲ್ಲ, ಹೊಣೆ ಹೊತ್ತು ಪಡೆಯುವ ಎರವಲು ಎಂಬ ಉತ್ತರ ಬಂತು. ಮರಳಿಸುವಾಗ ಕೆಲವು ಕವಚಗಳು ಕಾಣೆಯಾಗಿದ್ದವು. ಪ್ರವಾದಿವರ್ಯರು(ಸ) ತಾವಾಗಿಯೇ ನಷ್ಟ ತುಂಬಿಕೊಡಲು ಮುಂದಾದರು. ತನ್ನ ಹೃದಯದಲ್ಲಿ ಈಗ ಅಂದು ಇಲ್ಲದ ವಿಶ್ವಾಸವಿದೆ ಎಂದು ಸಫ್ವಾನ್ ಬೇಡವೆಂದರು. ಅಬೂದಾವೂದ್‌ನ ಹದೀಸ್ ಸಂಗ್ರಹದಲ್ಲಿ ಈ ವರದಿಯಿದೆ. ಒಂದು ಸೈನ್ಯದ ನಾಯಕರು ಕವಚಗಳ ಲೆಕ್ಕ ಒಪ್ಪಿಸಿದ್ದಾರೆ. ನಾನು ಒಂದು ಪಂಪಿನ ಲೆಕ್ಕವನ್ನು ಮುಚ್ಚಿಡಲು ಹೊರಟಿದ್ದೆ.

ಮರುದಿನ ಅಂಗಡಿಯವರ ಮುಂದೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಪಂಪು ಬಿಚ್ಚಿ ನೋಡಿದರು. ಸೀಲು ಮತ್ತು ಕೂಲಿ ಸೇರಿ 850 ರೂಪಾಯಿಯನ್ನು ಠೇವಣಿಯಿಂದ ಹಿಡಿದುಕೊಂಡರು. ರಿಯಾಯಿತಿ ಕೊಡಲಿಲ್ಲ, ನಾನೂ ಕೇಳಲಿಲ್ಲ. ಕೊನೆಗೆ ಅವರು ಒಂದು ಮಾತು ಹೇಳಿದರು: “ಹೇಳಿ ಕೊಡುವವರು ಕಡಿಮೆ, ಸಾಹೇಬ್ರೇ. ಯಾರು ಕೆಡಿಸಿದರು ಅಂತ ಗೊತ್ತಾಗುವುದಿಲ್ಲ. ಅದಕ್ಕೇ ಎಲ್ಲರ ಬಾಡಿಗೆಯಲ್ಲೂ ಸ್ವಲ್ಪ ಸೇರಿಸಿಯೇ ಇಟ್ಟಿರುತ್ತೇವೆ.”

ಅಂದರೆ, ಮುಚ್ಚಿಟ್ಟ ನಷ್ಟ ಮಾಯವಾಗುವುದಿಲ್ಲ. ಅದು 600 ರೂಪಾಯಿಯ ಬಾಡಿಗೆಯೊಳಗೆ ಸೇರಿಕೊಂಡು, ತಪ್ಪು ಮಾಡದ ಬಡವನ ಜೇಬಿನಿಂದಲೂ ವಸೂಲಾಗುತ್ತದೆ.

ನನ್ನ ಒಟ್ಟು ಖರ್ಚು 1,950 ರೂಪಾಯಿಯಾಯಿತು. ಕೂಲಿಗಿಂತ 550 ಹೆಚ್ಚು. ನೀವೂ ಇಂಥ ಯಂತ್ರ ತರುವುದಾದರೆ ಬಾಡಿಗೆಯ ದರದ ಜೊತೆಗೆ ಇವನ್ನೂ ಕೇಳಿ ತಿಳಿದುಕೊಳ್ಳಿ: ಕೆಟ್ಟರೆ ಯಾವುದಕ್ಕೆ ಯಾರು ಹೊಣೆ, ತಡವಾದರೆ ಎಷ್ಟು, ಠೇವಣಿ ಯಾವಾಗ ಮರಳುತ್ತದೆ. ಒಯ್ಯುವ ಮುನ್ನ ಅಂಗಡಿಯಲ್ಲೇ ಒಮ್ಮೆ ಓಡಿಸಿ ನೋಡಿ. ನೀರಿನ ಡ್ರಮ್ಮಿನ ಮೇಲೊಂದು ಕಣ್ಣಿರಲಿ, ಫೋನ್ ಮನೆಯೊಳಗಿರಲಿ.

ಅಮ್ಮಿ ಈಗ ಗೋಡೆ ಹಿಡಿಯದೆ ನಲ್ಲಿಯವರೆಗೆ ನಡೆಯುತ್ತಾರೆ. ನಮ್ಮ ಕೈಗೆ ಬಂದ ಪ್ರತಿಯೊಂದು ಅಮಾನತ್ತನ್ನೂ, ಅದು ಎಷ್ಟೇ ಚಿಕ್ಕದಿರಲಿ, ಪ್ರಾಮಾಣಿಕವಾಗಿ ಮರಳಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ, ಆಮೀನ್.