ಎರಡು ಮೊಳ ತಂಗೂಸು

ಗಾಳಕ್ಕೆ ಹೋಗುವ ಹಿಂದಿನ ರಾತ್ರಿ ನಮ್ಮನೆ ಚಾವಡಿಯಲ್ಲಿ ಒಂದು ಹರವು ಬೀಳುತ್ತದೆ. ತಂಗೂಸಿನ ಉಂಡೆ, ಕೊಕ್ಕೆಗಳು, ತೂತಿರುವ ಸೀಸದ ಗುಂಡು, ಸ್ವಿವೆಲ್, ಉಗುರು ಕತ್ತರಿ. ಊಟ ಮುಗಿಸಿ ಕೂತರೆ ಹನ್ನೊಂದಾದರೂ ಏಳುವವನಲ್ಲ. ಮೀನು ಹಿಡಿಯುವುದಕ್ಕಿಂತ ಈ ಗಂಟು ಹಾಕುವುದರಲ್ಲೇ ನನಗೆ ಸುಖ ಒಂದು ತೂಕ ಜಾಸ್ತಿ. ಹೆಂಡತಿಗೂ ಇದು ಗೊತ್ತು. ಮರುದಿನದ ಸಾರಿಗೆಂದು ಬೇಳೆ ತೆಗೆದಿಟ್ಟೇ ಮಲಗುತ್ತಾಳೆ.

ನಾನು ಹೋಗುವುದು ಕುಂದಾಪುರದ ಕೋಡಿಗೆ. ಪಂಚಗಂಗಾವಳಿಯ ಅಳಿವೆಗೆ ಈಚೆಗೊಂದು, ಆಚೆ ಗಂಗೊಳ್ಳಿ ಕಡೆಗೊಂದು ಕಲ್ಲಿನ ಬ್ರೇಕ್‌ವಾಟರ್. ಆ ಕಲ್ಲಿನ ಸಂದಿಗಳಲ್ಲಿ ಕೆಂಬೇರಿ, ಮುರು. ಕಚ್ಚಿದ್ದೇ ತಡ, ಮನೆ ಕಡೆ ಓಡುವ ಚಾಳಿ ಇವಕ್ಕೆ. ಮನೆಯ ಗೋಡೆ ತುಂಬ ಅಲಗಿನಂಥ ಚಿಪ್ಪು. ರೀಲಿನ ಬ್ರೇಡ್ ದಾರ ಎಳೆತಕ್ಕೆ ಭಾರೀ ಗಟ್ಟಿ, ಕಲ್ಲಿಗೆ ಉಜ್ಜಿದರೆ ಖಲಾಸ್. ಅದಕ್ಕೇ ಅದರ ತುದಿಗೆ ಎರಡು ಮೊಳ ದಪ್ಪ ತಂಗೂಸು. ಇದೇ ಲೀಡರ್.

ಪಕ್ಕದ ಮನೆಯ ಅಜ್ಜ, ಕಡಲಲ್ಲೇ ಕೂದಲು ಹಣ್ಣಾದವರು, ಆ ದಪ್ಪ ನೋಡಿ ಕೇಳಿದ್ದರು: “ಇದ್ ಮೀನ್ ಹಿಡುಕಾ, ಗಂಟಿ ಕಟ್ಟುಕಾ ಮಾರಾಯ್ರೆ?” ನಮ್ಮಲ್ಲಿ ದನಕರುಗಳಿಗೆ ಗಂಟಿ ಎನ್ನುವುದು. ಗಂಟು ಹಾಕುತ್ತ ಕೂತವನಿಗೆ ಮಾತು ಸರಿಯಾಗೇ ತಾಗಿತು.

ಲೀಡರಿಗೆ ಫ್ಲೋರೋಕಾರ್ಬನ್ ತಗೊಳ್ಳಿ, ಮೀನಿಗೆ ಕಾಣುವುದೇ ಇಲ್ಲ ಎನ್ನುತ್ತಾರೆ ಅಂಗಡಿಯವರು. 1971ರಲ್ಲಿ ಜಪಾನಿನ ಕುರೆಹಾ ಕಂಪನಿ ಹೊರತಂದ ದಾರ. ಬೆಳಕಿನ ವಕ್ರೀಭವನದಲ್ಲಿ ನೀರು 1.33, ಇದು 1.42, ನೈಲಾನು 1.5ಕ್ಕೂ ಮೇಲೆ. ಲೆಕ್ಕವೇನೋ ಸರಿ. ಆದರೆ ಮಳೆಗಾಲ ಮುಗಿದ ಹೊಸತರಲ್ಲಿ ಅಳಿವೆಯ ಚಹಾ ಬಣ್ಣದ ನೀರಿಗೆ ಕೈ ಅದ್ದಿದರೆ ನನ್ನ ಬೆರಳೇ ನನಗೆ ಕಾಣದು! ನಾನು ದುಡ್ಡು ಕೊಡುವುದು ಅದರ ಗಟ್ಟಿ ಮೈಗೆ. ನೈಲಾನಿನ ಹಾಗೆ ನೀರು ಕುಡಿದು ಸೊರಗುವುದಿಲ್ಲ.

ಸೀಸದ ಗುಂಡು ಮೇಲಿನ ದಾರದಲ್ಲಿ ಸಲೀಸಾಗಿ ಜಾರಬೇಕು. ಅದರ ಕೆಳಗೆ ಸ್ವಿವೆಲ್, ಆಮೇಲೆ ಲೀಡರ್, ಕೊನೆಗೆ ಕೊಕ್ಕೆ. ಮೀನು ಸಿಗಡಿಯನ್ನು ಕಚ್ಚಿಕೊಂಡು ಹೊರಟರೆ ದಾರ ಗುಂಡಿನೊಳಗೇ ಸರಿಯುತ್ತದೆ. ಭಾರ ತಾಗದ ಮೀನಿಗೆ ಅನುಮಾನ ಬರುವುದಿಲ್ಲ. ಗಂಟಿಗೆ ಐದು ಸುತ್ತು. ಮಲ್ಲಿಗೆ ಕಟ್ಟುವವರು ಬಾಳೆನಾರು ಒದ್ದೆ ಮಾಡಿಕೊಳ್ಳುವಂತೆ ನಾನು ಎಂಜಲು ಹಚ್ಚುತ್ತೇನೆ. ಒಣಗಂಟನ್ನು ಎಳೆದರೆ ಉಜ್ಜುವ ಬಿಸಿಗೇ ತಂಗೂಸು ಸೋಲುತ್ತದೆ. ಮೆಲ್ಲನೆ ಎಳೆದಾಗ ಸುತ್ತುಗಳು ಒಂದರ ಪಕ್ಕ ಒಂದು ಬಂದು ಕೂರುವುದನ್ನು ಕನ್ನಡಕ ಏರಿಸಿ ನೋಡಬೇಕು. ಒಂದು ಸುತ್ತು ಇನ್ನೊಂದರ ಮೇಲೆ ಹತ್ತಿದರೂ ಕತ್ತರಿಸಿ ಮೊದಲಿನಿಂದ.

ಕಳೆದ ನವೆಂಬರಿನಲ್ಲಿ ಒಂದು ಕೆಂಬೇರಿ ಗಾಳ ಬಗ್ಗಿಸಿ, ನನ್ನನ್ನು ಕಲ್ಲಿನಿಂದ ಕಲ್ಲಿಗೆ ಹಾರಿಸಿ, ಠಪ್ಪನೆ ಹೋಯಿತು. ಚಿಪ್ಪು ಕೊಯ್ದದ್ದು ಎಂದು ಊರಿಡೀ ಹೇಳಿದೆ. ಅಜ್ಜ ಕೈ ಚಾಚಿದರು. “ಎಲ್ಲಿ, ತುದಿ ಕಾಂಬ.”

ಚಿಪ್ಪಿಗೆ ಸವೆದ ತುದಿ ಒರಟಾಗಿರುತ್ತದೆ, ಹಲ್ಲು ಕಡಿದದ್ದು ನುಣ್ಣಗೆ. ನನ್ನದು ಹಂದಿಯ ಬಾಲದ ಹಾಗೆ ಸುರುಳಿ ಸುತ್ತಿಕೊಂಡಿತ್ತು. ಗಂಟು ಜಾರಿದ ಗುರುತು.

ಅಜ್ಜ ಸುರುಳಿಯನ್ನು ಉಗುರಿನಿಂದ ಒಮ್ಮೆ ಎಳೆದುಬಿಟ್ಟು ವಾಪಸು ಕೊಟ್ಟರು. “ಗಂಟಿ ಬಿಚ್ಕಂಡ್ ಹೋಯ್ತ್ ಕಾಣಿ.”